ತುಮಕೂರಿನ ಮಾಚಾ ಟೀ ಹೌಸ್‌ನಲ್ಲಿ ನಿಮಗೂ ಹೀಗೇ ಆಯಿತಾ?

ಕ್ಯಾತ್ಸಂದ್ರದವಳು (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಊರಲ್ಲಿ ಹೊಸದಾಗಿ ಶುರುವಾಗಿರುವ ಜಪಾನಿ ಟೀ ಹೌಸ್‌ಗೆ ನಿಮ್ಮಲ್ಲಿ ಯಾರಾದರೂ ಹೋಗಿದ್ದೀರಾ? ಹೆಸರು ಹೇಳುವುದಿಲ್ಲ, ಮಾಚಾ (ಜಪಾನಿನ ಹಸಿರು ಚಹಾ ಪುಡಿ) ಐಸ್‌ಕ್ರೀಂ, ಮೋಚಿ (ಮೆತ್ತಗೆ ಅಂಟಂಟಾಗಿರುವ ಜಪಾನಿ ಸಿಹಿ), ಪುಡ್ಡಿಂಗ್ ಎಲ್ಲ ಸಿಗುವ ಜಾಗ. ಹೋದವರು ದಯವಿಟ್ಟು ಅನುಭವ ಹೇಳಿ. ನಮಗೆ ಆದದ್ದು ಎಲ್ಲರಿಗೂ ಆಗುತ್ತಿದೆಯಾ, ಇಲ್ಲಾಂದ್ರೆ ಆ ದಿನ ಮಾತ್ರ ಏನೋ ಎಡವಟ್ಟಾಗಿತ್ತಾ ಅಂತ ತಿಳಿದುಕೊಳ್ಳಬೇಕು. ಆಮೇಲೆ ದೂರು ಕೊಡುವುದಾ ಬೇಡವಾ ಅಂತ ಯೋಚನೆ ಮಾಡುತ್ತೇನೆ.

ತಂಗಿಯ ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರ್ ರಿಸಲ್ಟ್ ಬಂದಿತ್ತು. ಪಾರ್ಟಿ ಎಲ್ಲಿ ಬೇಕು ಅಂದರೆ ಇದೇ ಜಾಗ ಅಂದಳು. ಮಾಚಾ ಕುಡಿಯಬೇಕು ಅಂತ ಅವಳಿಗೆ ತುಂಬಾ ದಿನದ ಆಸೆ. ಬೆಂಗಳೂರಿಗೆ ಹೋಗದೆ ನಮ್ಮೂರಲ್ಲೇ ಸಿಗುತ್ತದಲ್ಲ ಅಂತ ನನಗೂ ಖುಷಿ. ಅಮ್ಮನನ್ನೂ ಹೊರಡಿಸಿದೆವು. ಭಾನುವಾರ ಜನ ಜಾಸ್ತಿ, ಟೇಬಲ್ ಬುಕ್ ಮಾಡಿ ಅಂದಿದ್ದಕ್ಕೆ 500 ರೂಪಾಯಿ ಮುಂಗಡ ಕಟ್ಟಿದೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋದರೂ ಅರ್ಧ ಗಂಟೆಗಿಂತ ಜಾಸ್ತಿ ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಟೇಬಲ್ ಖಾಲಿ ಇರುವುದು ಗಾಜಿನಲ್ಲಿ ಕಾಣುತ್ತಿತ್ತು. ಅಮ್ಮನಿಗೆ ಮಂಡಿ ನೋವು. ಕೂರಲು ಒಂದು ಸ್ಟೂಲ್ ಕೊಡಿ ಅಂತ ಕೇಳಿದೆವು, ನೋಡುತ್ತೇವೆ ಅಂದು ಹೋದ ಹುಡುಗ ಮತ್ತೆ ಬರಲೇ ಇಲ್ಲ.

ಕೂತ ಮೇಲೆ ನಿಯಮಗಳು ಒಂದೊಂದಾಗಿ ಹೊರಬಂದವು. ಒಬ್ಬರು ಒಂದು ಐಟಂ ಆದರೂ ತೆಗೆದುಕೊಳ್ಳಲೇಬೇಕು. ಒಂದು ಗಂಟೆಯೊಳಗೆ ಏಳಬೇಕು. ಬುಕ್ ಮಾಡುವಾಗ ಇದ್ಯಾವುದನ್ನೂ ಹೇಳಿರಲಿಲ್ಲ, ಬಾಗಿಲಲ್ಲೂ ಬರೆದಿಲ್ಲ. ಅಮ್ಮನಿಗೆ ಏನೂ ಬೇಡವಾಗಿತ್ತು. ತೆಗೆದುಕೊಳ್ಳಲೇಬೇಕು ಅಂದಿದ್ದಕ್ಕೆ ಮಾಚಾ ಪುಡ್ಡಿಂಗ್ ಹೇಳಿದೆವು.

ಈ ಪುಡ್ಡಿಂಗ್ ವಿಷಯವೇ ನನಗೆ ಇನ್ನೂ ಮನಸ್ಸಿನಿಂದ ಹೋಗಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ. ಅಮ್ಮ ಆರ್ಡರ್ ಮಾಡುವ ಮುಂಚೆ ಹುಡುಗನ ಹತ್ತಿರ ಕೇಳಿದರು, ಇದರಲ್ಲಿ ಮೊಟ್ಟೆ ಇದೆಯಾಪ್ಪಾ, ಬೇರೆ ಏನಾದರೂ ಇದೆಯಾ ಅಂತ. ಪ್ಯೂರ್ ವೆಜ್ ಆಂಟಿ ಅಂದ. ಮೆನುವಿನಲ್ಲಿ ಹಸಿರು ಗುರುತೂ ಇಲ್ಲ, ಕಂದು ಗುರುತೂ ಇಲ್ಲ. ಅಮ್ಮ ಅರ್ಧ ತಿಂದಿದ್ದರು. ಅಷ್ಟರಲ್ಲಿ ಕೈ ತೊಳೆಯಲು ಹೋದ ತಂಗಿ ಅಡುಗೆಮನೆ ಬಾಗಿಲ ಹತ್ತಿರ ಪುಡ್ಡಿಂಗ್ ಮಿಕ್ಸ್‌ನ ಖಾಲಿ ಪ್ಯಾಕೆಟ್‌ಗಳನ್ನು ನೋಡಿದಳು. ಅದರ ಮೇಲೆ ಜೆಲಟಿನ್ ಅಂತ ಬರೆದಿತ್ತು, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವುದು. ಫೋಟೋ ತೆಗೆದುಕೊಂಡು ಬಂದಳು. ಮ್ಯಾನೇಜರ್‌ಗೆ ತೋರಿಸಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, ಮೊಟ್ಟೆ ಇಲ್ಲ ಮೇಡಂ, ಜೆಲಟಿನ್ ಎಲ್ಲ ಸ್ವೀಟಲ್ಲೂ ಇರುತ್ತದೆ, ಜಪಾನಿನಲ್ಲಿ ಹೀಗೇ ಮಾಡುವುದು ಅಂದರು. ಅಮ್ಮ ಅಲ್ಲಿ ಏನೂ ಮಾತಾಡಲಿಲ್ಲ. ಮನೆಗೆ ಬಂದು ರಾತ್ರಿ ಊಟ ಮಾಡಲಿಲ್ಲ.

ಮಾಚಾ ಬಗ್ಗೆ ಹೇಳುತ್ತೇನೆ. ಮೆನುವಿನಲ್ಲಿ ‘ಉಜಿ ಸೆರಿಮೋನಿಯಲ್ ಗ್ರೇಡ್’ (ಜಪಾನಿನ ಉಜಿ ಅನ್ನುವ ಊರಿನ, ಚಹಾ ಸಮಾರಂಭಕ್ಕೆ ಬಳಸುವ ದರ್ಜೆ) ಅಂತ ಬರೆದು ಒಂದು ಬಟ್ಟಲಿಗೆ 380 ರೂಪಾಯಿ ಹಾಕಿದ್ದಾರೆ. ಬಂದದ್ದು ಹಳದಿ ಮಿಶ್ರಿತ ಮಾಸಲು ಹಸಿರು. ಸಕ್ಕರೆ ಬೇಡ ಅಂದಿದ್ದೆವು, ಆದರೂ ಚೆನ್ನಾಗಿ ಸಿಹಿ ಇತ್ತು. ತಳದಲ್ಲಿ ಪುಡಿಯ ಗಂಟು. ಒಣಹುಲ್ಲಿನ ವಾಸನೆ. ತಂಗಿ ಎರಡು ಗುಟುಕು ಕುಡಿದು ಬಿಟ್ಟಳು. ವರಾಬಿ ಮೋಚಿ ಅಗಿಯಲು ಆಗದಷ್ಟು ಗಟ್ಟಿ, ಫ್ರಿಜ್‌ನಿಂದ ನೇರ ತಟ್ಟೆಗೆ ಬಂದಿತ್ತು. ಬಿಲ್‌ನಲ್ಲಿ 10% ಸರ್ವಿಸ್ ಚಾರ್ಜ್. ತೆಗೆಯಿರಿ ಅಂದರೆ ಕಂಪ್ಯೂಟರ್‌ನಲ್ಲೇ ಸೆಟ್ ಆಗಿದೆ, ತೆಗೆಯಲು ಬರುವುದಿಲ್ಲ ಅಂದರು.

ಆಮೇಲೆ ಗೂಗಲ್‌ನಲ್ಲಿ ಇದೆಲ್ಲ ಬರೆದೆ. ಜಪಾನಿ ರುಚಿ ಅಭ್ಯಾಸ ಇಲ್ಲದವರಿಗೆ ಮೊದಲ ಸಲ ಇಷ್ಟವಾಗದೇ ಇರಬಹುದು ಅಂತ ಉತ್ತರ ಬಂತು. ಕೆಳಗೆ ನೋಡಿದರೆ ಬೇಸರದಿಂದ ಬರೆದ ಎಲ್ಲರಿಗೂ ಅದೇ ಸಾಲು. ಜೆಲಟಿನ್ ಬಗ್ಗೆ ಒಂದು ಮಾತೂ ಇಲ್ಲ.

ದುಡ್ಡು ಜಾಸ್ತಿ ಅಂತ ನಾನು ಜಗಳ ಮಾಡುತ್ತಿಲ್ಲ. ಬೆಲೆ ಮೆನುವಿನಲ್ಲಿತ್ತು, ನೋಡಿಯೇ ಆರ್ಡರ್ ಮಾಡಿದೆವು. ಕೇಳಿದ್ದಕ್ಕೆ ನಿಜ ಹೇಳಬೇಕಿತ್ತು, ಅಷ್ಟೇ. ಮಾಚಾ ಗೊತ್ತಿರುವವರು ಹೇಳಿ, ಅಸಲಿ ಮಾಚಾ ಹೀಗೇ ಇರುತ್ತದಾ? ದೂರು ಕೊಡುವುದಾದರೆ ಎಲ್ಲಿ?

ವಸಂತನರಸಾಪುರ ಶಿಫ್ಟ್:

ಅಮ್ಮನ ವಿಷಯ ಓದಿ ಬೇಸರವಾಯಿತು. ನಾನು ಕಂಪನಿ ಕೆಲಸದ ಮೇಲೆ ಒಸಾಕಾದಲ್ಲಿ ಕೆಲವು ವರ್ಷ ಇದ್ದೆ, ರಜೆಯಲ್ಲಿ ಕ್ಯೋಟೋ, ಉಜಿ ಕಡೆ ಹೋಗುತ್ತಿದ್ದೆ. ಈಗ ಇಲ್ಲೇ ಕೆಲಸ. ಗೊತ್ತಿರುವಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮಗೆ ಕೊಟ್ಟದ್ದು ಒಳ್ಳೆಯ ಮಾಚಾ ಅಲ್ಲ. ಸಿಹಿ ಇತ್ತು ಅಂದಿರಲ್ಲ, ಅಲ್ಲೇ ಗೊತ್ತಾಗುತ್ತದೆ. ಮಾಚಾ ಅಂದರೆ ಚಹಾ ಎಲೆಯ ಪುಡಿ ಮಾತ್ರ, ಅದರಲ್ಲಿ ಸಕ್ಕರೆ ಇರುವುದಿಲ್ಲ. ಸಕ್ಕರೆ ಬೇಡ ಅಂದ ಮೇಲೂ ಸಿಹಿ ಬಂದಿದ್ದರೆ ಡಬ್ಬದಲ್ಲೇ ಸಕ್ಕರೆ ಬೆರೆಸಿದ ಪ್ರೀಮಿಕ್ಸ್ ಇದ್ದಿರಬೇಕು. ಅಂಥ ಪ್ಯಾಕೆಟ್‌ಗಳು ಆನ್‌ಲೈನ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಹಿಂದೆ ತಿರುಗಿಸಿ ನೋಡಿದರೆ ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸಕ್ಕರೆ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು ಅಂತ ನಿಯಮ ಇದೆ. ಹಾಗಾಗಿ ಆ ಪಟ್ಟಿ ಸುಳ್ಳು ಹೇಳುವುದಿಲ್ಲ.

ಬಣ್ಣದ ವಿಷಯ. ಏಪ್ರಿಲ್, ಮೇ ಹೊತ್ತಿಗೆ ಮೊದಲ ಕೊಯ್ಲು. ಅದಕ್ಕೆ ಸುಮಾರು ಮೂರು ವಾರ ಮುಂಚಿನಿಂದ ಗಿಡಗಳ ಮೇಲೆ ನೆರಳು ಕಟ್ಟುತ್ತಾರೆ. ಹಿಂದೆ ಜೊಂಡು, ಹುಲ್ಲಿನ ಚಪ್ಪರ ಹಾಕುತ್ತಿದ್ದರು, ಈಗ ಹೆಚ್ಚಾಗಿ ಕಪ್ಪು ಬಲೆ. ಬಿಸಿಲು ಕಡಿಮೆಯಾದರೆ ಎಲೆಯಲ್ಲಿ ಹಸಿರು ಜಾಸ್ತಿಯಾಗುತ್ತದೆ, ಒಗರು ಕಡಿಮೆಯಾಗುತ್ತದೆ, ಥಿಯಾನಿನ್ ಅನ್ನುವ ಅಂಶ ಉಳಿದು ಒಂದು ಬಗೆಯ ಮೆತ್ತನೆಯ ರುಚಿ ಬರುತ್ತದೆ. ಎಲೆ ಕಿತ್ತ ಕೂಡಲೇ ಆವಿಯಲ್ಲಿ ಬೇಯಿಸಿ, ಒಣಗಿಸಿ, ದಂಟು ನರ ಎಲ್ಲ ತೆಗೆದು ಉಳಿದದ್ದನ್ನು ಕಲ್ಲಿನಲ್ಲಿ ಬೀಸುತ್ತಾರೆ. ಒಂದು ಬೀಸುವ ಕಲ್ಲಿನಿಂದ ಗಂಟೆಗೆ 30, 40 ಗ್ರಾಂ ಪುಡಿ ಬಂದರೆ ಹೆಚ್ಚು. ಜೋರಾಗಿ ಬೀಸಿದರೆ ಕಲ್ಲು ಬಿಸಿಯಾಗಿ ಪುಡಿ ಕೆಡುತ್ತದೆ. ಹೀಗೆ ಬಂದ ಪುಡಿ ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿರುತ್ತದೆ. ಮಾಸಲು ಹಳದಿ ಅಂದರೆ ಎರಡೇ ಕಾರಣ. ಎಲೆಯೇ ಕೀಳುದರ್ಜೆ, ಇಲ್ಲಾಂದ್ರೆ ಡಬ್ಬ ತೆರೆದು ತುಂಬಾ ದಿನವಾಗಿ ಗಾಳಿ ಬೆಳಕು ತಾಗಿದೆ. ಒಣಹುಲ್ಲಿನ ವಾಸನೆಯೂ ಅದಕ್ಕೇ ಬರುತ್ತದೆ.

ಗಂಟು ಬರುವುದು ಸೋಮಾರಿತನದಿಂದ. ಪುಡಿ ತುಂಬಾ ನುಣ್ಣಗಿರುವುದರಿಂದ ತಾನಾಗೇ ಅಂಟಿಕೊಳ್ಳುತ್ತದೆ. ಸಣ್ಣ ಜರಡಿಯಲ್ಲಿ ಒಂದು ಸಲ ಆಡಿಸಿ, ಸುಮಾರು 2 ಗ್ರಾಂ ಪುಡಿಗೆ 60, 70 ಮಿಲಿ ನೀರು ಹಾಕಿ, ಚಸೆನ್ ಅನ್ನುವ ಬಿದಿರಿನ ಕಡೆಗೋಲಿನಿಂದ ನೊರೆ ಬರುವವರೆಗೆ ಕಲಕಬೇಕು. ನೀರು 70ರಿಂದ 80 ಡಿಗ್ರಿ ಇದ್ದರೆ ಸಾಕು. ಕುದಿಯುವ ನೀರು ಸುರಿದರೆ ಕಹಿ ಏಳುತ್ತದೆ. ಇಷ್ಟು ಮಾಡಲು ಎರಡು ನಿಮಿಷ ಬೇಡ. 380 ರೂಪಾಯಿ ತೆಗೆದುಕೊಳ್ಳುವವರು ಜರಡಿ ಹಿಡಿಯಬೇಕು ಅಲ್ವಾ?

ಆಮೇಲೆ ಆ ಸೆರಿಮೋನಿಯಲ್ ಗ್ರೇಡ್. ಜಪಾನಿನಲ್ಲಿ ಹಾಗಂತ ಸರ್ಕಾರಿ ದರ್ಜೆ ಯಾವುದೂ ಇಲ್ಲ. ಮಾರುವವರು ಇಟ್ಟುಕೊಂಡ ಹೆಸರು ಅದು. ಯಾರು ಯಾವ ಡಬ್ಬದ ಮೇಲೆ ಬರೆದರೂ ತಡೆಯುವವರಿಲ್ಲ. ಉಜಿ ಅಂತ ಬರೆದಿದ್ದರೆ ಡಬ್ಬ ತೋರಿಸಿ ಅಂತ ಕೇಳಿ, ಅಲ್ಲಿ ಊರು, ತಯಾರಕರು, ಬೀಸಿದ ಅಥವಾ ಪ್ಯಾಕ್ ಮಾಡಿದ ತಾರೀಖು ಇದೆಯಾ ನೋಡಿ.

ಮೋಚಿ ಗಟ್ಟಿಯಾಗುವುದು ಫ್ರಿಜ್‌ನಿಂದಲೇ. ನಮ್ಮ ಅಕ್ಕಿ ಕಡುಬು ತಣ್ಣಗಾದ ಮೇಲೆ ಗಡುಸಾಗುವುದಿಲ್ಲವಾ, ಅದೇ ಕಾರಣ. ವರಾಬಿ ಮೋಚಿಯನ್ನು ಅವತ್ತೇ ಮಾಡಿ, ಬಡಿಸುವ ಮುಂಚೆ ಸ್ವಲ್ಪ ಹೊತ್ತು ಮಾತ್ರ ತಂಪು ಮಾಡಿ, ಹುರಿದ ಸೋಯಾ ಹಿಟ್ಟು ಮತ್ತು ಕಪ್ಪು ಬೆಲ್ಲದ ಪಾಕ ಹಾಕಿ ಕೊಡುತ್ತಾರೆ. ಅಸಲಿ ವರಾಬಿ ಹಿಟ್ಟು ಜರೀಗಿಡದ ಬೇರಿನದು, ತುಂಬಾ ದುಬಾರಿ. ಅಲ್ಲಿ ಕೂಡ ಎಷ್ಟೋ ಅಂಗಡಿಗಳು ಗೆಣಸಿನ ಅಥವಾ ಮರಗೆಣಸಿನ ಹಿಟ್ಟು ಬಳಸುತ್ತವೆ. ಹಾಗಾಗಿ ಬೇರೆ ಹಿಟ್ಟು ಬಳಸಿದರು ಅಂತ ನಾನು ದೂರುವುದಿಲ್ಲ. ನಿನ್ನೆಯದನ್ನು ಇವತ್ತು ಕೊಟ್ಟರೆ ಮಾತ್ರ ಸುಮ್ಮನಿರಬಾರದು.

ಒಬ್ಬರಿಗೆ ಒಂದು ಐಟಂ, ಇಷ್ಟು ಹೊತ್ತು ಅನ್ನುವ ನಿಯಮ ಜಪಾನಿನಲ್ಲೂ ಎಷ್ಟೋ ಕಡೆ ಇದೆ. ಆದರೆ ಅಲ್ಲಿ ಒಳಗೆ ಬಿಡುವ ಮುಂಚೆ ಬೋರ್ಡಿನಲ್ಲಿ ತೋರಿಸುತ್ತಾರೆ, ಒಪ್ಪಿದರೆ ಬನ್ನಿ ಅನ್ನುತ್ತಾರೆ. ಟಿಪ್ಸ್ ಕೊಡುವ ಪದ್ಧತಿಯಂತೂ ಅಲ್ಲಿ ಇಲ್ಲವೇ ಇಲ್ಲ. ಉಜಿಯಲ್ಲಿ ಒಂದು ಸಣ್ಣ ಅಂಗಡಿಯಲ್ಲಿ ಮಾಚಾ ಕಹಿ ಅನಿಸಿತಾ ಅಂತ ಅಜ್ಜಿಯೊಬ್ಬರು ತಾವೇ ಬಂದು ಕೇಳಿ, ಮೊದಲು ಈ ಸಿಹಿ ತಿಂದು ಆಮೇಲೆ ಕುಡಿಯಿರಿ ಅಂತ ತೋರಿಸಿಕೊಟ್ಟಿದ್ದರು. ಸಿಹಿ ಮೊದಲು, ಚಹಾ ಆಮೇಲೆ, ಅದೇ ಅಲ್ಲಿನ ಕ್ರಮ. ನಿಮಗೆ ರುಚಿ ಗೊತ್ತಿಲ್ಲ ಅಂತ ಗಿರಾಕಿಗೆ ಹೇಳುವುದನ್ನು ನಾನು ಅಲ್ಲಿ ಎಲ್ಲೂ ನೋಡಲಿಲ್ಲ.

ಶಿರಾ ಗೇಟ್ ಹುಡುಗ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ, ಬೇಸರ ಮಾಡಿಕೊಳ್ಳಬೇಡಿ. ನಾವು ಫ್ರೆಂಡ್ಸ್ ಅಲ್ಲಿಗೆ ಹೋಗುತ್ತಿರುತ್ತೇವೆ. ಪಾರ್ಫೆ (ಗ್ಲಾಸಿನಲ್ಲಿ ಪದರ ಪದರವಾಗಿ ಕೊಡುವ ಐಸ್‌ಕ್ರೀಂ) ಚೆನ್ನಾಗಿದೆ, ಹೋಜಿಚಾ (ಹುರಿದ ಜಪಾನಿ ಚಹಾ) ಲಾಟೆ ಕೂಡ ಚೆನ್ನಾಗಿದೆ. ಊರಲ್ಲಿ ಕೂತು ಮಾತಾಡಲು ಒಂದು ಹೊಸ ಜಾಗ ಆಗಿದೆ. ನಡೆಸುತ್ತಿರುವವರು ನಮ್ಮ ವಯಸ್ಸಿನವರೇ, ಸಾಲ ಮಾಡಿ ಹಾಕಿದ್ದಾರೆ. ಏನೇ ಹೊಸದು ಬಂದರೂ ಒಂದು ಸ್ಟಾರ್ ಕೊಟ್ಟು ಮುಚ್ಚಿಸಿದರೆ ಆಮೇಲೆ ನಾವೇ ಎಲ್ಲದಕ್ಕೂ ಯಶವಂತಪುರದ ರೈಲು ಹತ್ತಬೇಕು.

ಬೆಲೆ ಜಾಸ್ತಿ ಅಂತ ತುಂಬಾ ಜನ ಬೈಯುತ್ತಾರೆ. ಆದರೆ ಮಾಚಾಗೆ ಪ್ರಪಂಚದಲ್ಲೇ ಕೊರತೆ ಇದೆ. 2024ರ ಕೊನೆಯಲ್ಲಿ ಕ್ಯೋಟೋದ ಹೆಸರಾಂತ ಹಳೆಯ ಚಹಾ ಕಂಪನಿಗಳೇ ಒಬ್ಬರಿಗೆ ಇಷ್ಟೇ ಡಬ್ಬ ಅಂತ ಮಿತಿ ಹಾಕಿದ್ದವು. 2025ರಲ್ಲಿ ಕ್ಯೋಟೋ ಹರಾಜಿನಲ್ಲಿ ಮಾಚಾ ಮಾಡುವ ಎಲೆಯ ಸರಾಸರಿ ಬೆಲೆ ಕಿಲೋಗೆ 8,000 ಯೆನ್ ದಾಟಿತ್ತು. ಒಳ್ಳೆಯ ಎಲೆಯ ಮೊದಲ ಕೊಯ್ಲು ವರ್ಷಕ್ಕೆ ಒಂದೇ ಸಲ, ಬೇಕು ಅಂದ ತಕ್ಷಣ ಜಾಸ್ತಿ ಬೆಳೆಯಲು ಆಗುವುದಿಲ್ಲ. ತುಮಕೂರಿಗೆ ತರಿಸುವವರ ಕಷ್ಟ ಸ್ವಲ್ಪ ಯೋಚನೆ ಮಾಡಿ.

ಜೆಲಟಿನ್ ಮಾತ್ರ ತಪ್ಪು. ಅದನ್ನು ನಾನೂ ಒಪ್ಪುತ್ತೇನೆ.

ಕ್ಯಾತ್ಸಂದ್ರದವಳು:

ಶಿರಾ ಗೇಟ್ ಹುಡುಗ, ಬೇಸರ ಏನಿಲ್ಲ. ಅಂಗಡಿ ಮುಚ್ಚಲಿ ಅಂತ ನಾನು ಎಲ್ಲೂ ಹೇಳಿಲ್ಲ. ಒಳ್ಳೆಯ ಪುಡಿ ಸಿಗುತ್ತಿಲ್ಲ ಅಂದರೆ ಸಿಗುತ್ತಿಲ್ಲ ಅಂತ ಬರೆಯಲಿ. ಸಿಹಿ ಮಾಚಾ ಪಾನೀಯ ಅಂತ ಹೆಸರಿಟ್ಟು 150 ರೂಪಾಯಿಗೆ ಕೊಡಲಿ, ನಾನೇ ಹೋಗಿ ಕುಡಿಯುತ್ತೇನೆ. ಅಸಲಿ ದುಬಾರಿ ಆಯಿತು ಅಂತ ಉಜಿ ಹೆಸರಿನಲ್ಲಿ ಸಕ್ಕರೆ ಪುಡಿ ಕೊಟ್ಟರೆ, ನಿಜವಾಗಿ ದುಬಾರಿ ಪುಡಿ ತರಿಸಿ ನ್ಯಾಯವಾಗಿ ಮಾರುವ ಇನ್ನೊಬ್ಬರಿಗೂ ಅನ್ಯಾಯ ಅಲ್ವಾ? ನಾಳೆ ಅವರು ಇದೇ ಊರಲ್ಲಿ ಅಂಗಡಿ ತೆರೆದರೆ ಯಾರು ನಂಬುತ್ತಾರೆ?

ಗುಬ್ಬಿ ಬೇಕರಿ ಮನೆ:

ನಾನು ಮನೆಯಿಂದಲೇ ಎಗ್‌ಲೆಸ್ ಕೇಕು, ಪುಡ್ಡಿಂಗ್ ಮಾಡಿ ಮಾರುತ್ತೇನೆ. ಜೆಲಟಿನ್ ಬಗ್ಗೆ ಎರಡು ಮಾತು ಹೇಳಲೇಬೇಕು.

ಜೆಲಟಿನ್ ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ವಸ್ತು. ಎಲ್ಲ ಸ್ವೀಟಲ್ಲೂ ಇರುತ್ತದೆ ಅನ್ನುವುದು ಶುದ್ಧ ಸುಳ್ಳು. ಜಪಾನಿನಲ್ಲಿ ಹೀಗೇ ಅನ್ನುವುದೂ ಪೂರ್ತಿ ನಿಜ ಅಲ್ಲ. ಯಾಕೆ ಅಂದರೆ ನಾವು ಚೈನಾ ಗ್ರಾಸ್ ಅಂತ ಕಿರಾಣಿ ಅಂಗಡಿಯಲ್ಲಿ ತರುವ ಅಗರ್ ಅಗರ್ ಜಪಾನಿನದೇ ಹಳೆಯ ಪದಾರ್ಥ, ಸಮುದ್ರದ ಪಾಚಿಯಿಂದ ಮಾಡುವುದು. ಅಲ್ಲಿ ಅದಕ್ಕೆ ಕಾಂತೆನ್ ಅನ್ನುತ್ತಾರೆ. ಕೆಂಪು ಅಜುಕಿ ಕಾಳಿನ ಹೂರಣ, ಸಕ್ಕರೆ, ಕಾಂತೆನ್ ಸೇರಿಸಿ ಮಾಡುವ ಯೋಕನ್ ಅನ್ನುವ ಸಿಹಿಯನ್ನು ಚಹಾ ಜೊತೆ ನೂರಾರು ವರ್ಷದಿಂದ ಕೊಡುತ್ತಾ ಬಂದಿದ್ದಾರೆ. ಹಾಲಿಲ್ಲ, ಮೊಟ್ಟೆ ಇಲ್ಲ, ಜೆಲಟಿನ್ ಇಲ್ಲ. ಜಪಾನಿ ಟೀ ಹೌಸ್ ಅಂತ ಬೋರ್ಡ್ ಹಾಕಿದವರಿಗೆ ನಿಮ್ಮ ಅಮ್ಮ ನೆಮ್ಮದಿಯಾಗಿ ತಿನ್ನುವಂಥದ್ದು ಕೊಡಲು ಏನೂ ಕಷ್ಟ ಇರಲಿಲ್ಲ. ಆ ಅಡುಗೆ ಗೊತ್ತಿದ್ದರೆ ಸಾಕಿತ್ತು.

ತಟ್ಟೆಯಲ್ಲೇ ಸ್ವಲ್ಪ ಗುರುತು ಹಿಡಿಯಬಹುದು. ಜೆಲಟಿನ್ ಮೈ ಬಿಸಿಗೇ ಕರಗುತ್ತದೆ, ನಾಲಿಗೆ ಮೇಲಿಟ್ಟರೆ ಜಾರಿ ನೀರಾಗುತ್ತದೆ, ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಟೇಬಲ್ ಮೇಲೇ ಅಂಚು ಬಿಡುತ್ತದೆ. ಅಗರ್ ಹಾಗಲ್ಲ, ಕಚ್ಚಿದರೆ ತುಂಡಾಗುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ 85 ಡಿಗ್ರಿ ಹತ್ತಿರ ಬಿಸಿ ಮಾಡುವವರೆಗೂ ಕರಗುವುದಿಲ್ಲ. ಆದರೂ ರುಚಿ ನೋಡಿ ಕಂಡುಹಿಡಿಯುವ ಹೊಣೆ ತಿನ್ನುವವರದಲ್ಲ. ಬಡಿಸುವ ಹುಡುಗನಿಗೂ ಬೈಯಬೇಡಿ. ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಜೆಲಟಿನ್ ಇರುವ ಪ್ಯಾಕೆಟ್ ಮೇಲೆ ಮಾಂಸಾಹಾರದ ಕಂದು ತ್ರಿಕೋನ ಇರಲೇಬೇಕು. ಆ ಪ್ಯಾಕೆಟ್ ದುಡ್ಡು ಕೊಟ್ಟು ತರಿಸಿದವರು, ಅದನ್ನು ದಿನಾ ಕತ್ತರಿಸಿ ಬಳಸುವವರು ಅದನ್ನು ನೋಡಿಯೇ ಇರುತ್ತಾರೆ. ಫೋಟೋದಲ್ಲಿ ಆ ಗುರುತು ಬಂದಿದೆಯಾ ನೋಡಿ.

ಇನ್ನೊಂದು. ಐಸ್‌ಕ್ರೀಂ, ಕೇಕಿಗೆ ಕಡಿಮೆ ಬೆಲೆಯ ಅಡುಗೆ ಮಾಚಾ ಹಾಕುವುದು ತಪ್ಪಲ್ಲ, ನಾನೂ ಹಾಗೇ ಮಾಡುತ್ತೇನೆ. ಹಾಲು, ಸಕ್ಕರೆ, ಬೆಣ್ಣೆಯ ಮಧ್ಯೆ ಆ ಕಹಿ ಎದ್ದು ಬರಬೇಕು. ನೀರಿನಲ್ಲಿ ಕಲಕಿ ಹಾಗೇ ಕುಡಿಯುವ ಬಟ್ಟಲಿಗೆ ಮಾತ್ರ ಒಳ್ಳೆಯದೇ ಬೇಕು. ಅಲ್ಲಿ ಕೌಂಟರ್ ಮೇಲೆ ಗಾಜಿನ ಜಾಡಿಯಲ್ಲಿ ಹಸಿರು ಪುಡಿ ತುಂಬಿ ಲೈಟ್ ಹಾಕಿಟ್ಟಿದ್ದಾರಾ? ಇನ್‌ಸ್ಟಾಗ್ರಾಂನಲ್ಲಿ ಹಾಗೆ ನೋಡಿದ ನೆನಪು. ಹಾಗಿದ್ದರೆ ಎಷ್ಟು ಒಳ್ಳೆಯ ಪುಡಿ ತಂದರೂ ಬೇಗ ಕೆಡುತ್ತದೆ. ಮುಚ್ಚಿದ ಡಬ್ಬ, ಕತ್ತಲು, ತಂಪು ಬೇಕು. ತೆರೆದ ಮೇಲೆ ಒಂದು ತಿಂಗಳೊಳಗೆ ಮುಗಿಸಿದರೆ ಒಳ್ಳೆಯದು.

ಕ್ಯಾತ್ಸಂದ್ರದವಳು:

ಹೌದು, ಗಾಜಿನ ಜಾಡಿ ಇದೆ! ಮೇಲೆ ಹಳದಿ ಬಲ್ಬ್ ಕೂಡ ಇದೆ. ತಂಗಿ ಅದರ ಮುಂದೆ ಫೋಟೋ ತೆಗೆಸಿಕೊಂಡಿದ್ದಾಳೆ. ಪ್ಯಾಕೆಟ್ ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಕಂದು ತ್ರಿಕೋನ ಸ್ಪಷ್ಟವಾಗಿ ಇದೆ.

ನರಸಾಪುರ ಬಸ್ ಸ್ಟಾಪ್:

ನಾನು ಕೋಲಾರದವನು. ಈ ಕಡೆ ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಇರುವುದರಿಂದ ಜಪಾನಿನವರು ಬಂದು ಹೋಗುತ್ತಿರುತ್ತಾರೆ. ನಾನು ಬೇರೆ ಕಂಪನಿ, ನಮ್ಮಲ್ಲೂ ಒಬ್ಬರು ಜಪಾನಿ ಇಂಜಿನಿಯರ್ ಇದ್ದರು. ಅವರನ್ನು ಖುಷಿ ಪಡಿಸೋಣ ಅಂತ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಇಂಥದ್ದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದೆವು. ಅವರು ಬಟ್ಟಲು ನೋಡಿ ಏನೂ ಅನ್ನಲಿಲ್ಲ, ಒಂದು ಗುಟುಕು ಕುಡಿದು ಥ್ಯಾಂಕ್ಸ್ ಹೇಳಿ ಪಕ್ಕಕ್ಕಿಟ್ಟರು. ಆಮೇಲೆ ಹೊರಗೆ ಬಂದು ನಮ್ಮ ಜೊತೆ ಫಿಲ್ಟರ್ ಕಾಫಿ ಕುಡಿದರು. ಹಾಗಾಗಿ ಜಪಾನಿ ರುಚಿ ಅಭ್ಯಾಸ ಇಲ್ಲ ಅನ್ನುವ ಉತ್ತರ ಒಪ್ಪಲು ಆಗುವುದಿಲ್ಲ. ಆ ರುಚಿಯಲ್ಲೇ ಬೆಳೆದವರೇ ಪಕ್ಕಕ್ಕಿಟ್ಟಿದ್ದನ್ನು ನಾನು ನೋಡಿದ್ದೇನೆ.

ಬಿ.ಎಚ್. ರೋಡ್ ವಕೀಲೆ:

ದೂರಿನ ವಿಷಯಕ್ಕೆ ಬರುತ್ತೇನೆ.

ಮೊದಲು ಸರ್ವಿಸ್ ಚಾರ್ಜ್. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಹೋಟೆಲು, ರೆಸ್ಟೋರೆಂಟ್‌ಗಳು ಬಿಲ್‌ನಲ್ಲಿ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಹೋಟೆಲ್‌ನವರು ಕೋರ್ಟ್‌ಗೆ ಹೋದರು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಗಿರಾಕಿ ಖುಷಿಯಾಗಿ ಕೊಟ್ಟರೆ ಅದು ಅವರ ಇಷ್ಟ, ಕಡ್ಡಾಯ ಮಾಡುವ ಹಾಗಿಲ್ಲ. ಕಂಪ್ಯೂಟರ್‌ನಲ್ಲಿ ಸೆಟ್ ಆಗಿದೆ ಅನ್ನುವುದು ಉತ್ತರವೇ ಅಲ್ಲ, ಸೆಟ್ ಮಾಡಿದವರು ಅವರೇ. ಎಷ್ಟೋ ಜನ ಇದನ್ನೂ ಜಿಎಸ್‌ಟಿಯನ್ನೂ ಒಂದೇ ಅಂದುಕೊಂಡು ಸುಮ್ನೆ ಕಟ್ಟಿ ಬರುತ್ತಾರೆ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಇಂಥ ಸಾಮಾನ್ಯ ರೆಸ್ಟೋರೆಂಟ್‌ಗೆ 5%. ಸರ್ವಿಸ್ ಚಾರ್ಜ್ ಅಂಗಡಿಯವರ ಜೇಬಿಗೆ. ನಿಮ್ಮ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ ಹಾಕಿದ್ದಾರಾ ನೋಡಿ. ಹಾಗೆ ಹಾಕಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ಇದಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ದೂರಿನ ಸಂಖ್ಯೆ ಕೊಡುತ್ತಾರೆ, ಅವರು ಅಂಗಡಿಯವರಿಗೆ ಕಳಿಸುತ್ತಾರೆ. ತುಂಬಾ ಸಲ ಅಷ್ಟರಲ್ಲೇ ದುಡ್ಡು ವಾಪಸ್ ಬಂದು ಮುಗಿಯುತ್ತದೆ.

ಜೆಲಟಿನ್ ವಿಷಯ ಇದಕ್ಕಿಂತ ಗಂಭೀರ. ವೆಜ್ ಅಂತ ಹೇಳಿ ಬೇರೆಯದನ್ನು ಕೊಟ್ಟಿದ್ದಾರೆ. ಅದು ಆಹಾರ ಸುರಕ್ಷತಾ ಇಲಾಖೆಗೆ ಹೋಗಬೇಕು. ಬಿಲ್ ತೆಗೆದು ನೋಡಿ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ಸಂಖ್ಯೆ ಇರಬೇಕು, 2022ರಿಂದ ಬಿಲ್ ಮೇಲೆ ಅದನ್ನು ಹಾಕುವುದು ಕಡ್ಡಾಯ. ಇಲ್ಲದಿದ್ದರೆ ಅದೇ ಇನ್ನೊಂದು ದೂರು. ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಫೋಟೋ ಸಮೇತ ಕಳಿಸಬಹುದು. ತಾರೀಖು, ಹೊತ್ತು, ಏನು ಕೇಳಿದಿರಿ, ಅವರು ಏನು ಹೇಳಿದರು, ಇಷ್ಟನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಅಮ್ಮನ ಮಾತು ಅಮ್ಮನದೇ ಮಾತಿನಲ್ಲಿ ಇರಲಿ.

ಅದರ ಮೇಲೂ ಬೇಕು ಅನಿಸಿದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಆದರೆ ಅಲ್ಲಿ ಸಮಯ ಹಿಡಿಯುತ್ತದೆ, ಓಡಾಟ ಇರುತ್ತದೆ. ಮೊದಲು ಮಾಲೀಕರಿಗೆ ಇಮೇಲ್ ಅಥವಾ ವಾಟ್ಸಾಪ್‌ನಲ್ಲಿ ಬರೆದು ಉತ್ತರ ಕೇಳಿ. ಬಾಯಿ ಮಾತು ಬೇಡ. ಬರೆದದ್ದು ಮುಂದೆ ಕೆಲಸಕ್ಕೆ ಬರುತ್ತದೆ.

ಸ್ಟಾರ್ ಕೊಡುವ ವಿಷಯದಲ್ಲಿ ಒಂದು ಮಾತು. ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಮೋಸಗಾರರು, ಕಳ್ಳರು ಅನ್ನುವ ಪದ ಬೇಡ.

ದೇವರಾಯನದುರ್ಗ ರೈಡರ್:

ನನ್ನ ಅಣ್ಣನ ಮಗಳಿಗೆ ಒಂಬತ್ತು ವರ್ಷ. ಅಲ್ಲಿ ಅವಳಿಗೆ ಐಸ್ಡ್ ಮಾಚಾ ಕೊಡಬಹುದಾ ಅಂತ ಅತ್ತಿಗೆ ಕೇಳಿದ್ದಕ್ಕೆ, ಕೊಡಿ, ಇದರಲ್ಲಿ ಕೆಫೀನ್ ಇಲ್ಲ, ಹರ್ಬಲ್ ಅಂದರಂತೆ. ಆ ಮಗು ರಾತ್ರಿ ಹನ್ನೆರಡಾದರೂ ಮಲಗಲಿಲ್ಲ. ಇದು ನಿಜವಾ?

ವಸಂತನರಸಾಪುರ ಶಿಫ್ಟ್:

ಖಂಡಿತ ತಪ್ಪು. ಮಾಚಾ ಕೂಡ ಮಾಮೂಲಿ ಚಹಾ ಗಿಡದ್ದೇ ಎಲೆ. ಬೇರೆ ಚಹಾದಲ್ಲಿ ಎಲೆ ಸೋಸಿ ಎಸೆಯುತ್ತೇವೆ, ಇದರಲ್ಲಿ ಎಲೆಯನ್ನೇ ಪೂರ್ತಿ ಕುಡಿಯುತ್ತೇವೆ. 2 ಗ್ರಾಂ ಹಾಕಿದ ಒಂದು ಬಟ್ಟಲಿನಲ್ಲಿ ಸುಮಾರು 40ರಿಂದ 80 ಮಿಲಿಗ್ರಾಂ ಕೆಫೀನ್ ಇರಬಹುದು, ಪುಡಿಯ ಮೇಲೆ ಹೋಗುತ್ತದೆ. ದೊಡ್ಡವರಿಗೆ ತೊಂದರೆ ಇಲ್ಲ. ಒಂಬತ್ತು ವರ್ಷದ ಮಗುವಿಗೆ ಸಂಜೆ ಹೊತ್ತು ಕೊಡುವಂಥದ್ದಲ್ಲ. ಹುರಿದ ಹೋಜಿಚಾದಲ್ಲಿ ಕಡಿಮೆ ಇರುತ್ತದೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಕೆಲಸಕ್ಕೆ ಸೇರಿಸಿಕೊಂಡ ಹುಡುಗರಿಗೆ ಅರ್ಧ ದಿನ ಕೂರಿಸಿ ಇಷ್ಟು ಹೇಳಿಕೊಟ್ಟರೆ ಈ ಪುಟದಲ್ಲಿರುವ ಅರ್ಧ ದೂರು ಬರುತ್ತಲೇ ಇರಲಿಲ್ಲ.

ಶಿರಾ ಗೇಟ್ ಹುಡುಗ:

ಮಗುವಿನ ವಿಷಯ ಓದಿ ನನಗೂ ಸಿಟ್ಟು ಬಂತು. ಮಾಲೀಕರಲ್ಲಿ ಒಬ್ಬರು ನಮ್ಮ ಕಾಲೇಜಿನ ಸೀನಿಯರ್. ಈ ಲಿಂಕ್ ಅವರಿಗೆ ಕಳಿಸಿದ್ದೇನೆ. ಓದಿದ್ದಾರೆ.

ಕ್ಯಾತ್ಸಂದ್ರದವಳು:

ಎಲ್ಲರಿಗೂ ಥ್ಯಾಂಕ್ಸ್. ವಕೀಲೆ ಮೇಡಂ ಹೇಳಿದ ಹಾಗೆ ಎಲ್ಲ ಬರೆದು ಮಾಲೀಕರಿಗೆ ವಾಟ್ಸಾಪ್ ಮಾಡಿದೆ, ಫೋಟೋ ಬಿಲ್ ಸಮೇತ. ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಮೇಲೂ ಜಿಎಸ್‌ಟಿ ಹಾಕಿದ್ದರು. ಇವತ್ತು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಚೆನ್ನಾಗಿ ಮಾತಾಡಿದರು, ಅದನ್ನು ಹೇಳಲೇಬೇಕು. ಅಮ್ಮನ ಹತ್ತಿರ ಮಾತಾಡಬೇಕು ಅಂದರು, ಕೊಟ್ಟೆ. ಗೊತ್ತಿಲ್ಲದೆ ಆಯಿತು ಅಂತ ಅವರು ಅಂದಿದ್ದಕ್ಕೆ ಅಮ್ಮ, ಗೊತ್ತಿಲ್ಲ ಅಂದಿದ್ದರೆ ನಾನು ತಿನ್ನುತ್ತಲೇ ಇರಲಿಲ್ಲ ಕಣಪ್ಪಾ, ಗೊತ್ತಿದೆ ಅಂದರು, ಅದಕ್ಕೆ ತಿಂದೆ ಅಂದರು. ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಪುಡ್ಡಿಂಗ್ ನಿಲ್ಲಿಸಿದ್ದೇವೆ, ಅಗರ್ ಹಾಕಿ ಮಾಡುವುದನ್ನು ಕಲಿತು ಮತ್ತೆ ಶುರು ಮಾಡುತ್ತೇವೆ, ಮೆನುವಿನಲ್ಲಿ ಹಸಿರು ಕಂದು ಗುರುತು ಹಾಕಿಸುತ್ತೇವೆ ಅಂದರು. ಸರ್ವಿಸ್ ಚಾರ್ಜ್ ವಾಪಸ್ ಹಾಕಿದ್ದಾರೆ, ಬಂದಿದೆ. ಒಂದು ಐಟಂ, ಒಂದು ಗಂಟೆ ನಿಯಮವನ್ನು ಬಾಗಿಲಲ್ಲಿ ಬರೆಯುತ್ತಾರಂತೆ. ಮಾಚಾ ಡಬ್ಬದ ಫೋಟೋ ಕೇಳಿದೆ. ಕಳಿಸುತ್ತೇನೆ ಅಂದಿದ್ದಾರೆ, ಇನ್ನೂ ಬಂದಿಲ್ಲ. ಮೆನುವಿನಲ್ಲಿ ಉಜಿ ಅಂತ ಇರುವುದನ್ನು ತೆಗೆಯುತ್ತೀರಾ ಅಂದಿದ್ದಕ್ಕೆ ಪಾರ್ಟ್‌ನರ್ ಹತ್ತಿರ ಮಾತಾಡಬೇಕು ಅಂದರು.

ಆಹಾರ ಸುರಕ್ಷತೆಯ ದೂರನ್ನು ಮಾತ್ರ ನಾನು ಹಾಕಿದ್ದೇನೆ, ಹಿಂದೆ ತೆಗೆದುಕೊಳ್ಳುವುದಿಲ್ಲ. ಅವರಿಗೂ ಹಾಗೇ ಹೇಳಿದೆ. ಆ ಪುಡ್ಡಿಂಗ್ ತಿಂದವರು ನಮ್ಮ ಅಮ್ಮ ಒಬ್ಬರೇ ಆಗಿರಲಿಕ್ಕಿಲ್ಲ. ಡಬ್ಬದ ಫೋಟೋ ಬಂದರೆ ಇಲ್ಲಿ ಹಾಕುತ್ತೇನೆ, ವಸಂತನರಸಾಪುರದವರು ನೋಡಿ ಹೇಳಿ.

ಗುಬ್ಬಿ ಬೇಕರಿ ಮನೆ:

ಅಗರ್ ಪುಡ್ಡಿಂಗ್ ಕಲಿಯಬೇಕು ಅಂದರೆ ನನಗೆ ಮೆಸೇಜ್ ಮಾಡಲು ಅವರಿಗೆ ಹೇಳಿ. ಅಳತೆ ಸರಿಯಾಗಿ ಬರುವವರೆಗೆ ಹೇಳಿಕೊಡುತ್ತೇನೆ, ದುಡ್ಡು ಬೇಡ. ಅಜುಕಿ ಸಿಗದಿದ್ದರೆ ನಮ್ಮ ಅಲಸಂದೆ ಕಾಳಿನಲ್ಲೂ ಹೂರಣ ಚೆನ್ನಾಗಿ ಬರುತ್ತದೆ. ಆದರೆ ಅಲಸಂದೆ ಅಂತಲೇ ಮೆನುವಿನಲ್ಲಿ ಬರೆಯಬೇಕು.